ಆಲೆಮನೆ ಕಾವಲು

ಕರೆಂಟು ಹೋಗಿ ಏಳು ಬೇಸಿಗೆ.
ಮನೆಮನೆ ಮೀಟರ್ ಓದುತ್ತಿದ್ದ ನನಗೆ
ಈಗ ಬೆಲ್ಲ ಎಣಿಸುವ ಕೆಲಸ:
ಮುನ್ನೂರ ಹನ್ನೆರಡು ಅಚ್ಚು, ಒಂದು ಮಚ್ಚು,
ನಾಲೆಯಾಚೆಯವರು ಬಂದರೆ
ಕೇಳದೆ ಬೀಸು ಎಂಬ ಅಪ್ಪಣೆ.

ಬಂದಳು. ಒಬ್ಬಳೇ. ಕಬ್ಬಿನ ತರಗು ಸರಿಯಿತು.
ಮಚ್ಚು ಎತ್ತಿದೆ;
ತೋಳು ಅರ್ಧಕ್ಕೇ ನಿಂತಿತು, ಮೊಂಡೆತ್ತಿನಂತೆ.
ತಿಂಗಳ ಬೆಳಕಿಗೆ ಗುರುತು ಹತ್ತಿತು:
ಚಿಕ್ಕತಾಯಿ. ಗುತ್ತಲು, ಮೂರನೇ ಅಡ್ಡರಸ್ತೆ,
ಮೀಟರು ಬಾಗಿಲ ಹಿಂದೆ.
ನಾಯಿ ಕಟ್ಟಿ, ‘ಬಿಸ್ಲು ಕನಣ್ಣ, ಕುಂತ್ಕೊ’ ಎಂದು
ಮಜ್ಜಿಗೆ ಕೊಟ್ಟವಳು.
ಕುಡಿದು, ಬಾಯಿ ಒರೆಸಿಕೊಂಡು,
ನೂರ ನಲವತ್ತು ರೂಪಾಯಿ ಬಾಕಿಗೆ
ಅವಳ ಫ್ಯೂಸು ಕಿತ್ತು ಬಂದಿದ್ದೆ.

ನೆನಪಿದೆಯೋ ಅವಳಿಗೆ? ಕೇಳಲಿಲ್ಲ.
ನಮ್ಮ ಕೂಸೂ ಜ್ವರದಲ್ಲಿ
ಬೆಲ್ಲದ ನೀರಿಗೆ ಬಾಯಿ ತೆರೆದು ಮಲಗಿದೆ,
ಅದೂ ನಿಜ.
ಬೆನ್ನು ತಿರುಗಿಸಿ ನಿಂತೆ
ಉಚ್ಚೆ ಹೊಯ್ಯುವವನ ಹಾಗೆ, ಎಷ್ಟು ಹೊತ್ತೋ.

ಬೆಳಿಗ್ಗೆ ಕೆಂಪಾಚಾರಿ ಎಣಿಸಿದ. ಎರಡು ಸಲ.
‘ಇಲಿ’ ಅಂದೆ.
ಇಲಿಗಳನ್ನೆಲ್ಲ ನಾವೇ ತಿಂದು ಮುಗಿಸಿ
ಎರಡು ವರ್ಷ.
ನನ್ನ ಮುಖ ನೋಡಿದ.
ಇದ್ದಿಲು ತೆಗೆದು ಗೋಡೆಗೆ ಬರೆದ:
ಇಲಿ, ಒಂದು.

ಮಚ್ಚನ್ನು ಮಾತ್ರ
ತಾನೇ ಇಟ್ಟುಕೊಂಡ.