ತ್ಯಾಪಿ

ಆಷಾಢದಾಗ ಗದಗಿನ ಗಾಳಿಗೆ
ಸೈಕಲ್ಲಿನವ ಇಳದು ನಡೀತಾನ,
ನಡಿಯಾಂವ ಟೊಪಗಿ ಬೆನ್ನ ಹತ್ತಿ ಓಡ್ತಾನ.
ನಮ್ಮ ಅಂಗಡಿ ಮುಂದ ಹಾಸಿದ ತಾಡಪತ್ರಿಗೆ
ನಾಕು ಮೂಲಿಗೆ ನಾಕು ಕಲ್ಲು,
ನಡುವ ನಾನು, ಐದನೇದ್ದು.

ಅಂಥಾದೊಂದು ಸೋಮವಾರ
ಆಳೆತ್ತರದ ಚೀಲ ಬೆನ್ನಿಗೇರಿಸಿ
ಮುಳಗುಂದ ನಾಕಾದಾಗ ಇಳದ್ಲು ಪ್ರಮಿಳಾ ಖಾರ್ವಿ.
ಹೊನ್ನಾವರದಾಕಿ. ಮಳಿಗಾಲಕ್ಕ ಕಡಲು ಕದಾ ಹಾಕೇತಿ,
ಗಾಳಿ ಬೇಕು, ತೆರಿ ಬ್ಯಾಡ, ಅಂದ್ಲು.
ಡಂಬಳದ ಕೆರಿಗೆ ದಾರಿ ಕೇಳಿದ್ಲು.
ಚಾ ಕುಡಿಸಿ, ಬಸ್ಸು ತೋರಿಸಿ,
ಚೀಲದಾಗ ಡೇರೆ ಏನವಾ? ಅಂದೆ.
ಗಾಳಿಪಟ, ಬಾಕಳೆ ಅಣ್ಣಾ.
ಕಾರಹುಣ್ಣಿವಿ ಮುಗದು ತಿಂಗಳಾತಲ್ಲವಾ!

ಮಂಗಳವಾರ ಗಾಳಿ ನಿಂತಬಿಟ್ಟಿತು.
ಕಪ್ಪತಗುಡ್ಡದ ಫ್ಯಾನುಗಳು ಕೈ ಚಾಚಿ
ಸಾಲ ಕೇಳಾಕ ಬಂದ ಬೀಗರಂಗ ಸುಮ್ಮನಿದ್ವು.
ಬುಧವಾರನೂ ಇಲ್ಲ.
ಆಕಿ ದಂಡಿಗೆ ಕುಂತು ಶೇಂಗಾ ತಿಂದ್ಲಂತ,
ಎಮ್ಮಿ ಮೈ ತೊಳಿಯೋರ ಕೂಡ ಮಾತಾಡಿದ್ಲಂತ,
"ನಿಮ್ಮ ಗಾಳಿ ಸುಳ್ಳುಬುರುಕ" ಅಂತ ಫೋನು ಮಾಡಿದ್ಲು.
ನೆಂಟರ ಮುಂದ ಪದ್ಯ ಹೇಳಂದ್ರ
ತಲಿ ತಗ್ಗಿಸಿ ನಿಂತ ಹುಡುಗನ ಅಪ್ಪನಂಗ
ನನಗ ನಾಚಿಕಿ ಆತು.

ಗುರುವಾರ ನಸುಕಿನ್ಯಾಗ ತಗಡು ಬಡಕೊಂಡು ಎಚ್ಚರಾತು.
ಗಾಳಿ ಬಂದಾಗ ತೂರಿಕೋ ಅಂತಾರ ಹಿರೇರು;
ಆಕಿ ತನ್ನನ್ನ ತಾನ ತೂರಿಕೊಂಡ್ಲು.

ಶುಕ್ರವಾರ ಮಧ್ಯಾಹ್ನ ಟಂಟಂದಾಗ ಬಂತು ಪಟ,
ಜಾಲಿಮುಳ್ಳಿಗೆ ಸಿಕ್ಕು ಎರಡು ಮಾರು ಹರದಿತ್ತು.
ಕಿತ್ತಳಿ ಬಣ್ಣ. ಉಳ್ಳಾಗಡ್ಡಿ ಸಿಪ್ಪಿಯಂಗ ತೆಳು,
ಆದ್ರ ನನ್ನ ಕತ್ತರಿಗೆ ಬಗ್ಗವಲ್ದು.
ಮಷೀನು ತುಳಿಯಾಕ ಹತ್ತಿ ಮೂವತ್ತೊಂದು ವರ್ಷ,
ಲಾರಿ ಹೊದಿಕಿ, ಮದಿವಿ ಪೆಂಡಾಲು, ಹತ್ತಿ ಅಂಡಿಗಿ,
ಗಾಳಿ ಹೊರಗಿರಲಿ ಅಂತ ಹೊಲದಾಂವ ನಾನು.
ಗಾಳಿ ಒಳಗಿರಲಿ ಅಂತ ಹೊಲದದ್ದು ಅವತ್ತೊಂದ ದಿನ.
ಎರಡು ಸೂಜಿ ಮುರದ್ವು.
ಆಕಿ ನೆಲಕ್ಕ ಕುಂತು ಹಗ್ಗದ ಸಿಕ್ಕು ಬಿಡಸ್ತಿದ್ಲು,
"ಅಪ್ಪನ ಬಲಿ ಹಿಂಗ ಬಿಡಸ್ತಿದ್ದೆ" ಅಂದು
ಮುಂದ ಹೇಳಲಿಲ್ಲ.
ನಾ ಕೇಳಲಿಲ್ಲ.
ಮಷೀನು ತುಳದೆ.

ಶನಿವಾರ ಅಂಗಡಿಗೆ ಕೀಲಿ ಜಡದು ನಾನೂ ಹೋದೆ.
ಏರಿ ಮ್ಯಾಲ ಸಾಲಿ ತಪ್ಪಿಸಿದ ಹುಡುಗರು,
ಕಂಬಳಿ ಹೊದ್ದ ಕುರುಬರ ಮುದುಕ
"ಎಷ್ಟು ಮೀನು ಸಿಗತಾವು ಇದರಾಗ?" ಅಂತ ನನ್ನ ಕೇಳಿದ.
ಪಟ ಮ್ಯಾಲ, ಆಕಿ ಕೆಳಗ, ನಡುವ ನಾಕು ಹುರಿ.
ಕಾಲಾಗಿನ ಹಲಗಿ ನೀರು ಸೀಳಿದ ಸಪ್ಪಳ
ಹೊಸಾ ಅರಿವಿ ಹರದಂಗ ಚರ್ರ್ ಅಂತಿತ್ತು.
ಎಲ್ಲಾರೂ ಆಕಿನ್ನ ನೋಡಿದ್ರು,
ನಾ ನನ್ನ ಹೊಲಿಗಿ ನೋಡಿದೆ.
ಒಮ್ಮೆ ನೀರು ಬಿಟ್ಟು ಎದ್ಲು, ಬೇವಿನ ಗಿಡದೆತ್ತರ,
ಇಳಿಯಾಕ ಒಲ್ಲೆ ಅಂದಂಗ ಅಲ್ಲೇ ನಿಂತ್ಲು.
ಬಿಚ್ಚಬ್ಯಾಡ, ಬಿಚ್ಚಬ್ಯಾಡ ಅಂದೆ,
ಅಂಬಾಭವಾನಿಗಲ್ಲ,
ದಾರಕ್ಕ.

ರವಿವಾರ ಹುಬ್ಬಳ್ಳಿ ಬಸ್ಸು ಹತ್ತಿದ್ಲು.
ರೊಕ್ಕ ಬ್ಯಾಡಂದೆ. ಒಣಮೀನು ಕಳಸ್ತೀನಿ ಅಂದ್ಲು. ಹೂಂ ಅಂದೆ.
ಇನ್ನೂ ಬಂದಿಲ್ಲ.

ಉಳದ ಚಿಂದಿ, ಅಂಗೈಯಷ್ಟಗಲ,
ಹದಿನೈದು ದಿನ ಗಲ್ಲೇದಾಗ ಚಿಲ್ಲರದ ಕೂಡ ಬಿದ್ದಿತ್ತು.
ಆಮ್ಯಾಲ ಕಾರವಾರಕ್ಕ ಹೋಗೋ ಲಾರಿ ಹೊದಿಕಿಗೆ ಹಚ್ಚಿದೆ.
ಡ್ರೈವರ್ ಮೌಲಾಸಾಬ ಮುಖ ಗಂಟ ಹಾಕಿದ:
"ಏನ್ರೀ ಇದು, ಕರೇದಕ್ಕ ಕಿತ್ತಳಿ ತ್ಯಾಪಿ?"
ಇರಲಿ ಬಿಡೋ, ಅಂದೆ,
ಘಟ್ಟಾ ಇಳಿಯುಮುಂದ ಅದೊಂದ ಪಟಪಟ ಅಂದ್ರ
ಗಾಡಿ ನಿಲ್ಲಿಸಿ ನೋಡಾಕ ಹೋಗಬ್ಯಾಡ.
ಅದರ ಊರು ಬಂತು ಅಂತ ತಿಳಕೋ.