ನಿರೀಕ್ಷಿತ ಸಾಧನೆ

ಅರ್ಜಿಯ ಏಳನೇ ಕಾಲಮ್ಮು ಖಾಲಿ ಉಳಿದು ಇವತ್ತಿಗೆ ಒಂಬತ್ತು ದಿನ.
'ಪ್ರಸಕ್ತ ಸಾಲಿನಲ್ಲಿ ತಂಡದಿಂದ ನಿರೀಕ್ಷಿತ ಸಾಧನೆ',
ಎದುರಿಗೆ ಎರಡು ಬೆರಳಗಲ ಜಾಗ.
ಗುಮಾಸ್ತ ಮುಚಖಂಡಿ ದಿನಾ ಕೇಳುತ್ತಾನೆ:
"ಏನರ ಒಂದ್ ಬರೀರಲ್ರೀ ಸರ. ಪ್ರಥಮ ಅಂತ ಬರೀರಿ.
ಬರ್ಯಾಕ ರೊಕ್ಕ ಬೀಳ್ತೈತೇನು?"

ಹೋದ ವರ್ಷ ಹಾಗೇ ಬರೆದಿದ್ದೆ, ಪೆನ್ನು ಒತ್ತಿ.
ಹೋದ ವರ್ಷ ಐದು ಜನ ಇದ್ದರು,
ಕಣ್ಣು ಕಟ್ಟಿ ಬಿಟ್ಟರೂ ಒಬ್ಬಳ ಕೈ ಇನ್ನೊಬ್ಬಳಿಗೆ ಗೊತ್ತಿದ್ದವರು.
ಬೆಳಗಾವಿಯ ಫೈನಲ್ಲಿನಲ್ಲಿ ಎರಡೇ ಪಾಯಿಂಟಿಗೆ ಸೋತು
ಯರಗಟ್ಟಿಯ ತನಕ ಬಸ್ಸಿನಲ್ಲಿ ಅತ್ತು
ಲೋಕಾಪುರದಲ್ಲಿ ಇಳಿದು ಗಿರಮಿಟ್ಟು ತಿಂದು ನಕ್ಕವರು.
ಒಬ್ಬಳು ಈಗ ಪೊಲೀಸ್ ತರಬೇತಿಯಲ್ಲಿ, ಒಬ್ಬಳು ಇಳಕಲ್ಲಿನ ಸೊಸೆ,
ಇಬ್ಬರು ಬಿ.ಎಡ್.
ತರನ್ನುಮ್ ನದಾಫ್ ಮಾತ್ರ ನವನಗರದಲ್ಲೇ, ಔಷಧದ ಅಂಗಡಿಯಲ್ಲಿ.
ಮೊನ್ನೆ ಬಿ.ಪಿ. ಮಾತ್ರೆಗೆ ಹೋದರೆ
ಕಣ್ಣು ಬಲಕ್ಕಿಟ್ಟು ಇನ್ನೊಬ್ಬರ ಚೀಟಿ ಓದುತ್ತ
ಎಡಗೈಯಿಂದ ಚಿಲ್ಲರೆಯನ್ನು ಸರಿಯಾಗಿ ನನ್ನ ಅಂಗೈಗೇ ಇಟ್ಟಳು.
ಆ ಪಾಸು ಕಲಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿದಿತ್ತು.

ಉಳಿದವಳು ದಾನಮ್ಮ ಹೂಗಾರ.
ಎರಡು ವರ್ಷ ಬೆಂಚಿನ ಮೇಲೆ ಕೂತು ಸ್ಕೋರು ಬರೆದಳು,
ಆಡಿದ್ದು ಒಟ್ಟು ನಾಲ್ಕು ನಿಮಿಷ.
ನಸುಕಿನಲ್ಲಿ ಎದ್ದು ಮಾಲೆ ಕಟ್ಟಿಟ್ಟು ಬರುತ್ತಾಳೆ;
ಬೆರಳಿಗೆ ದಾರ ಕೊಯ್ದ ಗೆರೆ, ಚೆಂಡಿಗೆ ಸೇವಂತಿಗೆಯ ವಾಸನೆ.
"ಕ್ಯಾಪ್ಟನ್ ನೀನ" ಅಂದರೆ
ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದಳು.

ಪೂರ್ಣಿಮಾ ಲಮಾಣಿ ಆರಡಿಗೆ ಎರಡೇ ಇಂಚು ಕಡಿಮೆ.
ಊರು ಅವಳನ್ನು ನೋಡುತ್ತದೆ, ಅವಳು ನೆಲವನ್ನು.
ಬಾಗಿ ಬಾಗಿ ಇನ್ನೆರಡು ಇಂಚು ಆಗಲೇ ಕಳಕೊಂಡಿದ್ದಾಳೆ.
ಮತ್ತೆ ಗುಳೇದಗುಡ್ಡದ ಮೂವರು ಖೋ-ಖೋ ಹುಡುಗಿಯರು:
ಚೆಂಡು ಸಿಕ್ಕರೆ ಎದೆಗವಚಿ ಓಟ,
ಸೀಟಿ ಊದಿ ಊದಿ ನನಗೆ ಗಲ್ಲನೋವು.
ಪಾಸು ಕೊಡು ಎಂದರೆ ಲಕ್ಕವ್ವ ಬಂಡಿವಡ್ಡರ
ಗೆಳತಿಯ ಬೆನ್ನಿಗೆ ಚೆಂಡು ಮುಟ್ಟಿಸಿ "ಖೋ!" ಎಂದು ಕೂಗಿ
ನಡು ಅಂಕಣದಲ್ಲಿ ಕೂತೇಬಿಟ್ಟಳು.

ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನಾನು ಆಡಿದ ಅಂಕಣ ಹಳೇ ಊರಿನ ಜೊತೆ ಹಿನ್ನೀರಿನಲ್ಲಿದೆ.
ಮನೆ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ ದಿನ
ತಲಬಾಗಿಲನ್ನು ಅಪ್ಪ ಮಗುವಿನಂತೆ ಹಗ್ಗದಿಂದ ಕಟ್ಟಿದ್ದ.
ಹೊಸ ಗೋಡೆಗೆ ಅದು ನಾಲ್ಕು ಬೆರಳು ದೊಡ್ಡದಾಯಿತು.
ಬಡಗಿ ಕರಗಸ ತೆಗೆದ.
ಅಪ್ಪ ಅವನ ಕೈ ಹಿಡಿದು, ಗವಂಡಿಯನ್ನು ಕರೆದು,
ಇನ್ನೂ ಹಸಿ ಇದ್ದ ಗೋಡೆಯನ್ನೇ ಕಡಿಸಿದ.

ಮರುದಿನ ಸೀಟಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು ಹೋದೆ.
"ಖೋ ಅನ್ರಿ, ನಡೀತೈತಿ. ಕುಂದ್ರಬ್ಯಾಡ್ರಿ.
ಅಂದಾಕಿ ಬುಟ್ಟಿ ಕಡೆ ಓಡ್ರಿ."
ಓಡಿದರು. ಪಾಸು ಮಾತ್ರ ಪೂರ್ಣಿಮಾಳ ಮೊಣಕಾಲಿಗೆ ಬಡಿಯಿತು,
ಆಮೇಲೆ ಹೊಟ್ಟೆಗೆ, ಆಮೇಲೆ,
ಗುರುವಾರದ ಹೊತ್ತಿಗೆ, ಕೈಗೆ.

ಶನಿವಾರ ಪಾಲಿಟೆಕ್ನಿಕ್ಕಿನವರ ಜೊತೆ ಆಡಿದೆವು: ಐವತ್ತನಾಲ್ಕು, ಹತ್ತೊಂಬತ್ತು.
ಎದುರಾಳಿಯ ಕೋಚು ಬಂದು ಹೆಗಲು ತಟ್ಟಿದ,
ಸಾವಿನ ಮನೆಯಲ್ಲಿ ತಟ್ಟುವ ಹಾಗೆ.
ಚಹಾದಂಗಡಿಯಲ್ಲಿ ಆಗಲೇ ತೀರ್ಪು:
"ಈ ವರ್ಷ ಏನಿಲ್ಲ ಬಿಡ್ರಿ, ಮುಂದಿನ ವರ್ಷ ನೋಡೂಣು."
ದಾನಮ್ಮ ಬೂಟಿನ ದಾರ ಬಿಚ್ಚುತ್ತ, ಯಾರೂ ಕೇಳದಿದ್ದರೂ, ಹೇಳಿದಳು:
"ಹತ್ತೊಂಬತ್ತರಾಗ ಹನ್ನೊಂದು ಕಡೀ ಹತ್ತು ನಿಮಿಷದ್ದು, ಸರ.
ಆಗ ಅವರ್ದು ಒಂಬತ್ತ."
ಬೆಂಚು ಬಿಟ್ಟರೂ ಲೆಕ್ಕ ಬಿಟ್ಟಿಲ್ಲ.

ಇವತ್ತು ಏಳನೇ ಕಾಲಮ್ಮು ತುಂಬಿದೆ:
'ಹತ್ತೊಂಬತ್ತಕ್ಕಿಂತ ಹೆಚ್ಚು.'
ಮುಚಖಂಡಿ ಕನ್ನಡಕ ಹಣೆಗೇರಿಸಿದ.
"ಇದು ಸ್ಥಾನೇನ್ರೀ? ಹತ್ತೊಂಬತ್ತು ಕಾಲೇಜರ ಅದಾವೇನು?"
ಠಸ್ಸೆ ಒತ್ತಲೋ ಬೇಡವೋ ಎಂದು ಕೈ ಗಾಳಿಯಲ್ಲಿತ್ತು.
ಹೊರಗೆ ಯಾರೋ ಖೋ ಎಂದರು.
ನೆಲಕ್ಕೆ ಚೆಂಡು: ಒಂದು, ಎರಡು, ಮೂರು.
ನಾಲ್ಕನೆಯದು ಕೇಳಲಿಲ್ಲ.
ಆಮೇಲೆ ಕಿಟಕಿಯಲ್ಲಿ ದಾನಮ್ಮನ ಮುಖ, ಏದುಸಿರು:
"ಸರ, ಚೆಂಡು ಗಟಾರಕ್ಕ ಬಿತ್ತು. ಇನ್ನೊಂದರ ಕೀಲಿ ಕೊಡ್ರಿ."