ಬೆಂಡೋಲೆ

ಪಾಲಯ್ಯನ ಪದ ಹೇಳುವವರು
ಈ ಸಲವೂ ಆ ಸಾಲಿಗೆ ಬಂದರು:
ಹೆಂಗಸರ ಮೈ ಮುಟ್ಟದವನು,
ತಾಳಿ ಕಂಡರೆ ಕೈ ಮುಗಿದು ತಿರುಗಿದವನು.
ಅಜ್ಜಿ ಸೆರಗನ್ನು ಎಡಗಿವಿಯ ಮೇಲೆ ಎಳೆದುಕೊಂಡಳು.
ತಮಟೆ ನಿಲ್ಲಲಿಲ್ಲ.

ಆ ಕಿವಿಗೆ ಹಾಲೆ ಇಲ್ಲ.
ಇದ್ದ ಕಡೆ ಎರಡು ಸಣ್ಣ ತುದಿ,
ಹರಿದ ಚೀಲದ ಬಾಯಿಯ ಹಾಗೆ.
ಚಿಕ್ಕಂದಿನಲ್ಲಿ ನಾನು ಅದಕ್ಕೆ ಬೆರಳಿಟ್ಟು ಆಡುತ್ತಿದ್ದೆ,
ಎಲ್ಲ ಅಜ್ಜಿಯರಿಗೂ ಹೀಗೇ ಇರುತ್ತದೆಂದುಕೊಂಡು.

ಮೊದಲಿಂದ ಹೇಳಬೇಕೆಂದರೆ
ಬೆಂಡೋಲೆ ಕಳೆದದ್ದು ಶೇಂಗಾ ಬಿಡಿಸುವ ದಿನಗಳಲ್ಲಿ.
ಒಂದೇ ಒಂದು. ಇನ್ನೊಂದು ಕಿವಿಯಲ್ಲೇ ಇತ್ತು.
ಕಳ್ಳ ಒಂದನ್ನೇ ಯಾಕೆ ಕದ್ದಾನು ಎಂದು
ಯಾರೂ ಕೇಳಲಿಲ್ಲ. ತಾತ ಚಳ್ಳಕೆರೆಗೆ ಹೋಗಿ
ಕಂಪ್ಲೇಂಟು ಬರೆಸಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದ.
ಸಂಜೆಗೆ ಜೀಪು ಹಟ್ಟಿಯ ಮುಂದೆ ನಿಂತಿತು.
ಪಾಲಯ್ಯ ಮರಿಗಳಿಗೆ ಸೊಪ್ಪು ಕಡಿಯುತ್ತಿದ್ದ.
ಅವನ ತಾತನ ಹೆಸರು ಯಾವುದೋ ಹಳೇ ರಿಜಿಸ್ಟರಿನಲ್ಲಿತ್ತಂತೆ.
ಹೊಲ ಬಾರದಿದ್ದರೂ ಅವನಿಗೆ
ಪಿತ್ರಾರ್ಜಿತ ಅದೊಂದು ಬಂದಿತ್ತು.

ಒಂಬತ್ತನೇ ದಿನ ಕೇರುವಾಗ
ಮೊರದಿಂದ ಹೊಟ್ಟು ಹಾರಿತು, ಬೆಂಡೋಲೆ ಉಳಿಯಿತು.
ಅಜ್ಜಿ ಅದನ್ನು ಸೆರಗಿಗೆ ಗಂಟು ಹಾಕಿ
ನಡೆದೇ ಹೋದಳು, ಏಳು ಮೈಲಿ.
ರೈಟರ್ ತಲೆಯೆತ್ತಲಿಲ್ಲ:
'ಅವನು ಒಪ್ಪಿಕೊಂಡಾಯ್ತಲ್ಲಮ್ಮ.
ಮಾಲೂ ಸಿಕ್ಕಿದೆ. ಪಂಚನಾಮೆ ಆಗಿದೆ.'
ಟೇಬಲ್ಲಿನ ಮೇಲೆ, ಕಾಗದದಲ್ಲಿ, ಯಾವುದೋ ಓಲೆ.
ಅಜ್ಜಿಯದಲ್ಲ. ಅದಕ್ಕೆ ಕೆಂಪು ಹರಳು.
ಆಗ ಒಳಗಿನಿಂದ ಅವನನ್ನು ತಂದರು.
ಅಂಗಾಲಿನ ಅಂಚಿನ ಮೇಲೆ ಬಂದ,
ಮಟಮಟ ಮಧ್ಯಾಹ್ನ ಬಂಡೆ ದಾಟುವವನ ಹಾಗೆ,
ಠಾಣೆಯ ನೆರಳಿನಲ್ಲಿ.
'ಗಂಟು ಬಿಚ್ಚಿ ತೋರಿಸಬೇಕಿತ್ತು ಕಣೆ.
ತೋರಿಸಲಿಲ್ಲ.'
ಇಷ್ಟನ್ನು ಅವಳು ಹೇಳಿದ್ದು ನನಗೊಬ್ಬಳಿಗೇ.

ಮುಂದಿನದೆಲ್ಲ ಪದದಲ್ಲಿದೆ:
ಗುಡ್ಡ ಸೇರಿದ್ದು, ಸಾಹುಕಾರರ ಗಲ್ಲಾ ಒಡೆದದ್ದು,
ಯಾರದೋ ಮಗಳ ಮದುವೆಗೆ ಅಕ್ಕಿಮೂಟೆ ಇಳಿಸಿದ್ದು,
ಕೊನೆಗೆ ಹಗರಿಯ ಮರಳಿನಲ್ಲಿ ಬೆನ್ನಿಗೆ ಬಿದ್ದ ಗುಂಡು.
ಪದದಲ್ಲಿ ಇಲ್ಲದ್ದು ಒಂದು ರಾತ್ರಿ.
ಅಮಾಸೆಯೂ ಅಲ್ಲ, ಹಿಟ್ಟು ಚೆಲ್ಲಿದಂಥ ಬೆಳದಿಂಗಳು.
ಬಾಗಿಲು ಮುರಿಯಲಿಲ್ಲ, ಕರೆದ.
'ಯಕ್ಕಾ, ಆರು ವರ್ಷದ ಹಿಂದೆ ಒಪ್ಕಂಡಿದ್ದೆನಲ್ಲ,
ಅದನ್ನ ತಗಂಡೋಗಾಕೆ ಬಂದೀನಿ.'
ಅಜ್ಜಿ ಬಿಚ್ಚಿ ಕೊಡಲು ಕೈ ಎತ್ತಿದಳು.
ಅವನು ಅಷ್ಟು ಹೊತ್ತು ಕಾಯಲಿಲ್ಲ.
ಒಂದನ್ನೇ ಒಯ್ದ.
ಇನ್ನೊಂದರ ಕಡೆ ನೋಡಲೂ ಇಲ್ಲ.

ಮೊನ್ನೆ ದುರ್ಗದಿಂದ ಒಬ್ಬ ಮೇಷ್ಟ್ರು ಬಂದಿದ್ದರು,
ಪದಗಳನ್ನು ಮೊಬೈಲಿಗೆ ತುಂಬಿಕೊಳ್ಳಲು.
'ಪೊಲೀಸರ ಹೊಡೆತ ತಿಂದೇ ಹಾಗಾದನಂತೆ, ನಿಜವಾ ಅಜ್ಜಿ?'
'ನಿಜ. ಅವನ ಕಾಲು ನಾನೇ ನೋಡೀನಿ.'
'ಹಾಗಾದರೆ ಒಳ್ಳೆಯವನು ಅನ್ನಿ.'
ಅಜ್ಜಿಗೆ ಥಟ್ಟನೆ ಕಿವಿ ಕೇಳದಾಯಿತು,
ಎಡದ್ದೂ ಬಲದ್ದೂ.
ಮಜ್ಜಿಗೆ ಕೊಟ್ಟು ಕಳಿಸಿದೆವು.

ಪದ ಸುತ್ತಿ ಬಂದು ಈಗ ಅಂಗಾಲಿನ ಸಾಲಿನಲ್ಲಿದೆ.
ಲಾಠಿಯ ಏಟನ್ನು ಎಣಿಸಿ ಹೇಳುತ್ತಾರೆ, ಹನ್ನೊಂದು, ಹನ್ನೆರಡು.
ಅಜ್ಜಿಯ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿದೆ.
ಇನ್ನೊಂದು ಕೈ ಸೆರಗು ಬಿಟ್ಟಿಲ್ಲ.
ಬಲಗಿವಿಯ ತೂತಿನಲ್ಲಿ ಬೇವಿನ ಕಡ್ಡಿ.
ಅಲ್ಲಿದ್ದ ಓಲೆಯನ್ನು ಮಾರನೇ ಬೆಳಗ್ಗೆಯೇ ಬಿಚ್ಚಿ
ಎಲ್ಲಿಟ್ಟಳೋ, ಏನು ಮಾಡಿದಳೋ,
ಇವತ್ತಿನವರೆಗೂ ಯಾರ ಮೇಲೂ
ಕಂಪ್ಲೇಂಟು ಬರೆಸಿಲ್ಲ.